ಹುಲ್ಲು ಕತ್ತರಿಸುವ ಟ್ರ್ಯಾಕ್ಟರಿನ ಡೆಕ್ ಬೆಲ್ಟ್ ಬದಲಿಸುವ ಕ್ರಮ

ಬೇಸಿಗೆಯಲ್ಲಿ ಒಣಗಿ ನೆಲಕ್ಕಂಟಿಕೊಂಡಿದ್ದ ಹುಲ್ಲುಹಾಸು, ಮೇ ತಿಂಗಳಲ್ಲಿ ನಾಲ್ಕು ಜೋರು ಮಳೆ ಬಿದ್ದರೆ ಸಾಕು, ಪಾದ ಮುಳುಗುವಷ್ಟು ಎದ್ದುಬಿಡುತ್ತದೆ. ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ, ಕಾಲೇಜು ಆವರಣಗಳಲ್ಲಿ, ದೇವನಹಳ್ಳಿ ಮತ್ತು ಕನಕಪುರ ರಸ್ತೆಯ ತೋಟದ ಮನೆಗಳಲ್ಲಿ ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತಿದ್ದ, ಕುಳಿತು ಓಡಿಸುವ ಹುಲ್ಲು ಕತ್ತರಿಸುವ ಟ್ರ್ಯಾಕ್ಟರುಗಳು ಹೊರಗೆ ಬರುವುದು ಆಗಲೇ. ಅವುಗಳ ಬೆಲ್ಟ್ ಹರಿಯುವುದೂ ಬಹುಮಟ್ಟಿಗೆ ಆಗಲೇ. ಒದ್ದೆ ಹುಲ್ಲು ಭಾರವಾಗಿರುತ್ತದೆ, ಡೆಕ್ಕಿನ (ಗಾಡಿಯ ಹೊಟ್ಟೆಯಡಿ ಬ್ಲೇಡುಗಳನ್ನು ಮುಚ್ಚಿರುವ ಲೋಹದ ಚಿಪ್ಪಿನ) ಒಳಗೋಡೆಗೆ ಮೆತ್ತಿಕೊಂಡು ಬ್ಲೇಡನ್ನು ತಡೆಯುತ್ತದೆ, ಮತ್ತು ಬಿಸಿಲಿಗೆ ಗಡುಸಾಗಿದ್ದ ಹಳೆಯ ರಬ್ಬರ್ ಆ ಹೊರೆಯನ್ನು ತಾಳಲಾರದೆ ಜಾರತೊಡಗುತ್ತದೆ.

ಕೆಲಸ ತೀರಾ ಕಷ್ಟದ್ದಲ್ಲ. ಸಾಮಾನ್ಯ ಸ್ಪ್ಯಾನರ್, ಸಾಕೆಟ್ ಹಿಡಿದು ರೂಢಿಯಿರುವವರು ಒಂದು ಬೆಳಗಿನಲ್ಲಿ ಮುಗಿಸಬಹುದು. ಆದರೆ ಡೆಕ್ ಬೆಲ್ಟ್ ಕೇವಲ ವಯಸ್ಸಾಗಿ ಹರಿಯುವುದಕ್ಕಿಂತ ಸವೆದ ಬೇರಿಂಗ್, ಬಾಗಿದ ಗಾರ್ಡ್ (ಬೆಲ್ಟ್ ಜಿಗಿಯದಂತೆ ತಡೆಯುವ ಕಂಬಿ), ಸೋತ ಸ್ಪ್ರಿಂಗ್ ಇಂಥ ಯಾವುದೋ ಒಂದು ಅದನ್ನು ತಿಂದುಹಾಕಿರುವುದೇ ಹೆಚ್ಚು. ಅದನ್ನು ಪತ್ತೆ ಮಾಡದೆ ಹೊಸ ಬೆಲ್ಟ್ ಏರಿಸಿದರೆ ಮಳೆಗಾಲ ಮುಗಿಯುವುದರೊಳಗೆ ಮತ್ತೊಂದನ್ನು ಕೊಳ್ಳಬೇಕಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಬೆಲ್ಟ್ ಕಳಚಿ ಹಾಕುವ ವಿಧಾನಕ್ಕೆ ಕೊಟ್ಟಷ್ಟೇ ಜಾಗವನ್ನು ಹಳೆಯ ಬೆಲ್ಟ್ ಏನು ಹೇಳುತ್ತದೆ ಎಂಬುದಕ್ಕೂ ಕೊಟ್ಟಿದ್ದೇನೆ.

ಯಾವ ಬೆಲ್ಟ್ ಹೋಗಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ

ಇಂಥ ಟ್ರ್ಯಾಕ್ಟರುಗಳಲ್ಲಿ ಸಾಮಾನ್ಯವಾಗಿ ಎರಡು ಬೆಲ್ಟ್‌ಗಳಿರುತ್ತವೆ. ಒಂದು ಎಂಜಿನ್ನಿನಿಂದ ಹಿಂದಿನ ಗೇರ್‌ಬಾಕ್ಸಿಗೆ ಹೋಗಿ ಗಾಡಿಯನ್ನು ಓಡಿಸುತ್ತದೆ. ಇನ್ನೊಂದು ಎಂಜಿನ್ನಿನ ಕೆಳಗಿನ ಪುಲ್ಲಿಯಿಂದ ಡೆಕ್ಕಿಗೆ ಇಳಿದು ಬ್ಲೇಡುಗಳನ್ನು ತಿರುಗಿಸುತ್ತದೆ. ಗಾಡಿ ಮುಂದೆ ಹೋಗುತ್ತಿದ್ದು ಬ್ಲೇಡ್ ಮಾತ್ರ ತಿರುಗದಿದ್ದರೆ ಅಥವಾ ದಟ್ಟ ಹುಲ್ಲು ಸಿಕ್ಕ ಕೂಡಲೇ ಬ್ಲೇಡ್ ನಿಧಾನವಾಗಿ, ಸುಟ್ಟ ರಬ್ಬರಿನ ವಾಸನೆ ಬಂದರೆ, ನಾವು ನೋಡಬೇಕಾದದ್ದು ಡೆಕ್ ಬೆಲ್ಟನ್ನು. ಬ್ಲೇಡ್ ಸರಿಯಾಗಿ ತಿರುಗುತ್ತಿದ್ದು ಗಾಡಿಯೇ ಏರಿನಲ್ಲಿ ಮುಗ್ಗರಿಸುತ್ತಿದ್ದರೆ ಅದು ಬೇರೆ ಬೆಲ್ಟಿನ ಸಮಸ್ಯೆ, ಈ ಲೇಖನ ಅದಕ್ಕಲ್ಲ.

ಒಂದು ಎಚ್ಚರಿಕೆ: ಬ್ಲೇಡನ್ನು ಸ್ವಿಚ್ಚಿನಿಂದ ಚಾಲೂ ಮಾಡುವ ಎಲೆಕ್ಟ್ರಿಕ್ ಕ್ಲಚ್ ಇರುವ ಗಾಡಿಗಳಲ್ಲಿ ಸ್ವಿಚ್ ಎಳೆದಾಗ 'ಟಕ್' ಎಂಬ ಸದ್ದೇ ಬರದಿದ್ದರೆ, ಬೆಲ್ಟಿಗೆ ಕೈ ಹಾಕುವ ಮುನ್ನ ಫ್ಯೂಸ್, ಬ್ಯಾಟರಿ ಮತ್ತು ಕ್ಲಚ್ಚಿನ ವೈರನ್ನು ನೋಡಿ. ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ವೈರುಗಳನ್ನು ಇಲಿ ಕಡಿಯುವುದು ನಮ್ಮೂರಿನಲ್ಲಿ ಹೊಸದೇನಲ್ಲ. ಬೆಲ್ಟ್ ಚೆನ್ನಾಗಿಯೇ ಇದ್ದು ವೈರ್ ತುಂಡಾಗಿರುವುದೂ ಉಂಟು.

ಹೊಸ ಬೆಲ್ಟ್ ಆರಿಸುವಾಗ

ಸಾಧ್ಯವಿದ್ದರೆ ಯಂತ್ರದ ಕೈಪಿಡಿಯಲ್ಲಿರುವ ಭಾಗದ ಸಂಖ್ಯೆಯನ್ನು ಹೇಳಿ ಆ ಕಂಪನಿಯ ಡೀಲರ್ ಮೂಲಕವೇ ತರಿಸಿಕೊಳ್ಳುವುದು ಒಳ್ಳೆಯದು. ಕೈಪಿಡಿ ಕಳೆದಿದ್ದರೆ ಸೀಟಿನ ಕೆಳಗೆ ಅಥವಾ ಚಾಸಿಯ ಮೇಲೆ ಅಂಟಿಸಿರುವ ಮಾಡೆಲ್ ಸಂಖ್ಯೆಯ ಚೀಟಿ ಇದ್ದರೂ ಸಾಕು. ಆದರೆ ಹೊರದೇಶದ ಗಾಡಿಯಾದರೆ ಭಾಗ ಬರಲು ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ಹುಲ್ಲು ಕಾಯುವುದಿಲ್ಲ. ಹಾಗಾಗಿ ಬಹಳ ಮಂದಿ ಹರಿದ ಬೆಲ್ಟನ್ನು ಚೀಲಕ್ಕೆ ಹಾಕಿಕೊಂಡು ಎಸ್.ಪಿ. ರಸ್ತೆಯ ಬೆಲ್ಟ್–ಬೇರಿಂಗ್ ಅಂಗಡಿಗಳಿಗೆ ಹೋಗುತ್ತಾರೆ. ಕೌಂಟರಿನ ಹುಡುಗ ಬೆಲ್ಟಿನ ಅಗಲವನ್ನು ಬೆರಳಿನಲ್ಲೇ ಒತ್ತಿ ನೋಡಿ, "ಎ ಸೆಕ್ಷನ್ನು ಸಾರ್, ಉದ್ದ ಎಷ್ಟು ಹೇಳಿ" ಎನ್ನುತ್ತಾನೆ. ಆ ಉದ್ದದ ಪ್ರಶ್ನೆಯಲ್ಲೇ ತಪ್ಪಾಗುವುದು ಹೆಚ್ಚು.

ನಮ್ಮಲ್ಲಿ ಮಾರುವ ಸಾಮಾನ್ಯ ವಿ–ಬೆಲ್ಟಿನ ಮೇಲೆ ಎ-78 ಎಂದು ಬರೆದಿದ್ದರೆ, ಎ ಎಂಬುದು ಸೆಕ್ಷನ್, ಅಂದರೆ ಬೆಲ್ಟಿನ ಅಡ್ಡಳತೆ; 78 ಎಂಬುದು ಬೆಲ್ಟಿನ ಒಳಸುತ್ತಿನ ಉದ್ದ, ಇಂಚುಗಳಲ್ಲಿ. ಹುಲ್ಲು ಕತ್ತರಿಸುವ ಯಂತ್ರಗಳ ಬೆಲ್ಟಿನ ಮೇಲೆ 4ಎಲ್800 ಎಂದಿದ್ದರೆ, 4ಎಲ್ ಎಂಬುದು ಹೆಚ್ಚುಕಡಿಮೆ ಎ ಸೆಕ್ಷನ್ನಿನ ಅಗಲವೇ; 800 ಎಂದರೆ 80.0 ಇಂಚು, ಅದು ಹೊರಸುತ್ತಿನ ಉದ್ದ. ಎ ಸೆಕ್ಷನ್ನಿನಲ್ಲಿ ಹೊರಸುತ್ತು ಒಳಸುತ್ತಿಗಿಂತ ಸುಮಾರು 2 ಇಂಚು ಹೆಚ್ಚು, ಬಿ ಸೆಕ್ಷನ್ನಿನಲ್ಲಿ ಸುಮಾರು 3 ಇಂಚು ಹೆಚ್ಚು. ಆದ್ದರಿಂದ 80 ಎಂದು ಓದಿಕೊಂಡು ಎ-80 ಕೇಳಿದರೆ 2 ಇಂಚು ಉದ್ದದ ಬೆಲ್ಟ್ ಮನೆಗೆ ಬರುತ್ತದೆ, ಸ್ಪ್ರಿಂಗ್ ಅದನ್ನು ಬಿಗಿಯಲಾರದು. ಅಗಲದ ವಿಚಾರ ಸರಳ: ಎ ಸೆಕ್ಷನ್ನಿನ ಮೇಲಂಚು 13 ಮಿಲಿಮೀಟರ್, ಬಿ ಸೆಕ್ಷನ್ನಿನದು 17 ಮಿಲಿಮೀಟರ್. ಆದರೆ ಸವೆದ ಹಳೆಯ ಬೆಲ್ಟ್ ಅಗಲದಲ್ಲಿ ಕಡಿಮೆಯಾಗಿರುತ್ತದೆ, ಉದ್ದದಲ್ಲಿ ಹಿಗ್ಗಿರುತ್ತದೆ. ಅದನ್ನೇ ಅಳೆದು ತಂದ ಬೆಲ್ಟ್ ಸ್ವಲ್ಪ ಉದ್ದವಾಗಿರುವ ಸಂಭವವೇ ಹೆಚ್ಚು ಎಂಬುದನ್ನು ನೆನಪಿನಲ್ಲಿಡಬೇಕು.

ಅಳತೆ ಕೂಡಿದರೂ ಎಲ್ಲ ಬೆಲ್ಟ್ ಒಂದೇ ಅಲ್ಲ. ನೀರಿನ ಪಂಪಿಗೋ ಹಿಟ್ಟಿನ ಮಿಲ್ಲಿಗೋ ಹಾಕುವ ಬೆಲ್ಟ್ ದಿನವಿಡೀ ಒಂದೇ ಬಿಗಿಯಲ್ಲಿ, ಒಂದೇ ದಿಕ್ಕಿಗೆ ಬಾಗಿ ಓಡುತ್ತದೆ. ಡೆಕ್ ಬೆಲ್ಟ್ ಹಾಗಲ್ಲ. ಪುಲ್ಲಿಗಳಲ್ಲಿ ಒಳಮುಖವಾಗಿ ಬಾಗಿ, ಸ್ಪ್ರಿಂಗಿನ ಬಲದಿಂದ ಬೆಲ್ಟನ್ನು ಬಿಗಿಯಾಗಿಡುವ ಚಪ್ಪಟೆ ಪುಲ್ಲಿಯಾದ ಐಡ್ಲರಿನ ಬಳಿ ಬೆನ್ನಿನ ಕಡೆಗೆ ಬಾಗಿ, ಪ್ರತಿ ಸಲ ಬ್ಲೇಡ್ ಚಾಲೂ ಮಾಡಿದಾಗ ನಿಂತಲ್ಲಿಂದ ಒಮ್ಮೆಲೇ ಹೊರೆ ಎಳೆಯಬೇಕು. ಇದಕ್ಕಾಗಿಯೇ ಒಳಗೆ ಸುಲಭವಾಗಿ ಹಿಗ್ಗದ ಅರಾಮಿಡ್ ದಾರ ಹಾಕಿ, ಹೊರಗೆ ಬಟ್ಟೆಯ ಹೊದಿಕೆ ಸುತ್ತಿ ಮಾಡಿದ ಬೆಲ್ಟ್‌ಗಳು ಸಿಗುತ್ತವೆ. ಅಂಗಡಿಯಲ್ಲಿ 'ಕೆವ್ಲಾರ್ ಬೆಲ್ಟ್' ಎಂದರೆ ತಿಳಿಯುತ್ತದೆ. ಸಾಮಾನ್ಯ ಬೆಲ್ಟ್ ಹಾಕಿದರೂ ಹುಲ್ಲು ಕತ್ತರಿಸಬಹುದು, ಆದರೆ ಅದು ಹಿಗ್ಗುತ್ತದೆ. ತುರ್ತಿಗೆ ಅದನ್ನು ಹಾಕಿಕೊಂಡು, ಸರಿಯಾದುದಕ್ಕೆ ಆರ್ಡರ್ ಕೊಡುವುದು ನನ್ನ ಸಲಹೆ.

ಕೆಲಸಕ್ಕೆ ಕೂರುವ ಮುನ್ನ

ಗಾಡಿಯನ್ನು ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸಿ, ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಳ್ಳಿ. ಕೀಲಿ ತೆಗೆದದ್ದಷ್ಟೇ ಸಾಲದು. ಸ್ಪಾರ್ಕ್ ಪ್ಲಗ್ಗಿನ ವೈರನ್ನೂ ಕಿತ್ತು ಪ್ಲಗ್ಗಿನಿಂದ ದೂರಕ್ಕೆ ಸರಿಸಿಡಬೇಕು. ಎರಡು ಸಿಲಿಂಡರಿನ ಎಂಜಿನ್ ಆದರೆ ಎರಡೂ ವೈರುಗಳನ್ನು ಕೀಳಬೇಕು. ಬೆಲ್ಟ್ ಕಳಚುವಾಗ ಪುಲ್ಲಿಗಳನ್ನು ಕೈಯಿಂದ ತಿರುಗಿಸಬೇಕಾಗುತ್ತದೆ, ಮತ್ತು ಬೆಲ್ಟಿನ ಆ ತುದಿಯಲ್ಲಿ ಎಂಜಿನ್ ಇದೆ ಎಂಬುದು ಕೆಲಸದ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಸೈಲೆನ್ಸರ್ ಮುಂಭಾಗದಲ್ಲಿ ಕೆಳಗೇ ಇರುವುದರಿಂದ ಅರ್ಧ ಗಂಟೆಯಾದರೂ ಆರಲು ಬಿಡಿ. ದಪ್ಪ ಕೈಗವಸು ಕಡ್ಡಾಯ. ಡೆಕ್ಕಿನ ಮೇಲೆ ಪುಲ್ಲಿ ತಿರುಗಿಸಿದರೆ ಕೆಳಗೆ ಬ್ಲೇಡ್ ತಿರುಗುತ್ತದೆ. ಮೂರು ಬ್ಲೇಡಿನ ಡೆಕ್ಕಿನಲ್ಲಿ ಒಂದು ತಿರುಗಿದರೆ ಉಳಿದೆರಡೂ ತಿರುಗಬಹುದು.

ಸ್ಪ್ಯಾನರಿನ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ ತಯಾರಾದ ಹಲವು ಗಾಡಿಗಳಲ್ಲಿ ನಟ್–ಬೋಲ್ಟ್ ಇಂಚಿನ ಅಳತೆಯವು. ಅರ್ಧ ಇಂಚಿನ ತಲೆಗೆ 13 ಮಿಲಿಮೀಟರಿನ ಸ್ಪ್ಯಾನರ್ ಹೇಗೋ ಹೊಂದಿಕೊಳ್ಳುತ್ತದೆ. ಆದರೆ 9/16 ಇಂಚಿನ ತಲೆಗೆ 14 ಹಿಡಿಯುವುದಿಲ್ಲ, 15 ಹಾಕಿದರೆ ಸಡಿಲವಾಗಿ ಜಾರಿ ಬೋಲ್ಟಿನ ಮೂಲೆಗಳನ್ನು ತಿಂದುಹಾಕುತ್ತದೆ. ತುಕ್ಕು ಹಿಡಿದ ಬೋಲ್ಟಿನ ತಲೆ ಒಮ್ಮೆ ದುಂಡಗಾದರೆ ಮುಂದಿನ ಕೆಲಸವೆಲ್ಲ ಲೇತ್ ಅಂಗಡಿಗೆ. ಇಂಚಿನ ಸಾಕೆಟ್ ನಾಲ್ಕೈದು ಇಟ್ಟುಕೊಳ್ಳುವುದು ಲೇಸು. ಇವಲ್ಲದೆ ಇಕ್ಕಳ, ವೈರ್ ಬ್ರಷ್, ಗ್ರೀಸ್ ಗನ್, ಎರಡು ಮರದ ತುಂಡು, ಒಂದು ಗಟ್ಟಿ ನೈಲಾನ್ ಹಗ್ಗದ ತುಂಡು ಮತ್ತು ಫೋಟೋ ತೆಗೆಯಲು ಮೊಬೈಲ್ ಬೇಕು.

ಡೆಕ್ ಇಳಿಸುವುದು

ಕೆಲವು ಮಾಡೆಲ್‌ಗಳಲ್ಲಿ ಡೆಕ್ ಕಳಚದೆಯೇ ಬೆಲ್ಟ್ ಬದಲಿಸಬಹುದು. ಆದರೂ ಇಳಿಸಿಯೇ ಮಾಡಿ ಎನ್ನುತ್ತೇನೆ, ಏಕೆಂದರೆ ಗಾಡಿಯ ಹೊಟ್ಟೆಯ ಕೆಳಗೆ ಮಲಗಿ ಕೈ ಚಾಚಿ ಹಾಕಿದ ಬೆಲ್ಟ್ ಎಲ್ಲೋ ಒಂದು ಕಡೆ ತಿರುಚಿಕೊಂಡಿದ್ದರೂ ಕಣ್ಣಿಗೆ ಕಾಣುವುದಿಲ್ಲ, ಬೇರಿಂಗುಗಳನ್ನು ಪರೀಕ್ಷಿಸಲೂ ಆಗುವುದಿಲ್ಲ.

ಮೊದಲು ಡೆಕ್ಕಿನ ಎತ್ತರ ಬದಲಿಸುವ ಲಿವರನ್ನು ತೀರ ಕೆಳಗಿನ ಕಂಡಿಗೆ ತಂದು ಡೆಕ್ಕನ್ನು ನೆಲಕ್ಕೆ ಇಳಿಸಿ. ಡೆಕ್ ಸಾಮಾನ್ಯವಾಗಿ ಬಲಗಡೆಗೆ ಹೊರಬರುತ್ತದೆ. ದಾರಿ ಬಿಡಲು ಮುಂದಿನ ಚಕ್ರಗಳನ್ನು ಪೂರ್ತಿ ಎಡಕ್ಕೆ ತಿರುಗಿಸಿ. ಈಗ ಐಡ್ಲರ್ ತೋಳನ್ನು ಅದರ ಸ್ಪ್ರಿಂಗಿಗೆ ವಿರುದ್ಧವಾಗಿ ಒತ್ತಿ ಹಿಡಿದು ಬೆಲ್ಟನ್ನು ಸಡಿಲಿಸಿ, ಎಂಜಿನ್ ಪುಲ್ಲಿಯಿಂದ ಹೊರಳಿಸಿ ತೆಗೆಯಿರಿ. ಎಂಜಿನ್ ಪುಲ್ಲಿಯ ಸುತ್ತ ಬೆಲ್ಟ್ ಜಿಗಿಯದಂತೆ ತಡೆಯುವ ಕಂಬಿಗಳಿದ್ದರೆ ಅವುಗಳ ಬೋಲ್ಟ್ ಸ್ವಲ್ಪ ಸಡಿಲಿಸಬೇಕಾದೀತು. ಲಿವರಿನಿಂದ ಬ್ಲೇಡ್ ಚಾಲೂ ಮಾಡುವ ಗಾಡಿಯಾದರೆ ಡೆಕ್ಕಿಗೆ ಬರುವ ಕೇಬಲನ್ನೂ ಬಿಚ್ಚಬೇಕು.

ಬಳಿಕ ಡೆಕ್ಕನ್ನು ಹಿಡಿದಿರುವ ತೋಳುಗಳ ಪಿನ್ನುಗಳನ್ನು ತೆಗೆಯಿರಿ. ಪ್ರತಿ ಪಿನ್ನಿಗೂ ಹೇರ್‌ಪಿನ್ನಿನಂಥ ಕ್ಲಿಪ್ ಇರುತ್ತದೆ. ಇಕ್ಕಳದಿಂದ ಎಳೆದ ಕೂಡಲೇ ಒಂದು ಡಬ್ಬಿಗೆ ಹಾಕಿ, ಹುಲ್ಲಿನಲ್ಲಿ ಬಿದ್ದರೆ ಸಿಗುವುದಿಲ್ಲ. ಇಲ್ಲೊಂದು ಅಪಾಯವಿದೆ, ಇದನ್ನು ಹಲವರು ಕಡೆಗಣಿಸುತ್ತಾರೆ: ಎತ್ತರದ ಲಿವರಿಗೆ ಬಲವಾದ ಸ್ಪ್ರಿಂಗ್ ಇರುತ್ತದೆ, ಅದು ಡೆಕ್ಕಿನ ತೂಕಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ಡೆಕ್ ಕಳಚಿದ ಮೇಲೆ ಆ ತೂಕವಿಲ್ಲ. ಆಗ ಲಿವರನ್ನು ಕಂಡಿಯಿಂದ ಬಿಡಿಸಿದರೆ ಅದು ರಭಸದಿಂದ ಮೇಲಕ್ಕೆ ಹಾರುತ್ತದೆ, ಮುಖ ಅಡ್ಡವಿದ್ದರೆ ಹಲ್ಲು ಉಳಿಯುವುದು ಕಷ್ಟ. ತೋಳುಗಳನ್ನು ಮೇಲೆತ್ತಬೇಕಾದರೆ ಲಿವರನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೇ ಎತ್ತಿ. ಡೆಕ್ಕನ್ನು ಎಳೆಯಲು ಇಬ್ಬರಿದ್ದರೆ ಒಳ್ಳೆಯದು.

ಹಳೆಯ ಬೆಲ್ಟನ್ನು ಓದುವುದು

ಡೆಕ್ ಹೊರಬಂದ ಮೇಲೆ ಪುಲ್ಲಿಗಳ ಮೇಲಿನ ಮುಚ್ಚಳಗಳನ್ನು ತೆಗೆದು, ಬೇರೇನನ್ನೂ ಮುಟ್ಟುವ ಮೊದಲು ಬೆಲ್ಟ್ ಹಾದುಹೋಗಿರುವ ದಾರಿಯನ್ನು ಮೇಲಿನಿಂದಲೂ ಎರಡು ಬದಿಗಳಿಂದಲೂ ಫೋಟೋ ತೆಗೆದುಕೊಳ್ಳಿ. ಬೆಲ್ಟ್ ಆಗಲೇ ತುಂಡಾಗಿ ಬಿದ್ದುಹೋಗಿದ್ದರೆ, ಡೆಕ್ಕಿನ ಮೇಲೆ ಅಥವಾ ಕಾಲಿಡುವ ಹಲಗೆಯ ಕೆಳಗೆ ದಾರಿಯ ಚಿತ್ರದ ಸ್ಟಿಕ್ಕರ್ ಇದೆಯೇ ನೋಡಿ. ಐಡ್ಲರ್ ಸ್ಪ್ರಿಂಗ್ ಯಾವ ತೂತಿಗೆ ಸಿಕ್ಕಿಸಿದೆ ಎಂಬುದರ ಫೋಟೋ ಬೇರೆಯೇ ತೆಗೆಯಿರಿ. ಒಂದು ತೂತು ಆಚೀಚೆಯಾದರೂ ಬಿಗಿ ಬದಲಾಗುತ್ತದೆ.

ಈಗ ಹಳೆಯ ಬೆಲ್ಟನ್ನು ತೆಗೆದು ಬೆಳಕಿನಲ್ಲಿ ಇಡೀ ಸುತ್ತು ತಿರುಗಿಸುತ್ತ ನೋಡಬೇಕು. ಎರಡೂ ಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರಿದ ಗುರುತು: ಸ್ಪ್ರಿಂಗ್ ಸೋತಿದೆ, ಐಡ್ಲರ್ ತೋಳು ತುಕ್ಕಿನಿಂದ ಬಿಗಿದುಕೊಂಡಿದೆ, ಇಲ್ಲವೇ ಬೆಲ್ಟೇ ಉದ್ದವಾಗಿತ್ತು. ಒಂದೇ ಅಂಚಿನಲ್ಲಿ ಬಟ್ಟೆ ಎಳೆಎಳೆಯಾಗಿ ಎದ್ದಿದ್ದರೆ ಪುಲ್ಲಿಯೊಂದು ಓರೆಯಾಗಿದೆ ಅಥವಾ ಬಾಗಿದ ಗಾರ್ಡ್ ಕಂಬಿಗೆ ಬೆಲ್ಟ್ ಉಜ್ಜುತ್ತಿತ್ತು. ಆ ಕಂಬಿಯನ್ನು ಹುಡುಕುವುದು ಸುಲಭ, ಉಜ್ಜಿದ ಜಾಗದಲ್ಲಿ ತುಕ್ಕು ಹೋಗಿ ಬೆಳ್ಳಗೆ ಹೊಳೆಯುತ್ತಿರುತ್ತದೆ. ಬೆಲ್ಟಿನ ಒಂದೇ ಜಾಗದಲ್ಲಿ ಬೆರಳುದ್ದ ಸುಟ್ಟು ತಗ್ಗು ಬಿದ್ದಿದ್ದರೆ, ಬ್ಲೇಡ್ ಕಲ್ಲಿಗೋ ಬೇರಿಗೋ ಸಿಕ್ಕಿ ಬೆಲ್ಟ್ ನಿಂತುಹೋದಾಗಲೂ ಎಂಜಿನ್ ಪುಲ್ಲಿ ಅದರಡಿ ತಿರುಗುತ್ತಲೇ ಇತ್ತು ಎಂದು ಅರ್ಥ. ಅಂಥ ಸಂದರ್ಭದಲ್ಲಿ ಬ್ಲೇಡ್ ಬಾಗಿದೆಯೇ, ಸ್ಪಿಂಡಲ್ (ಬ್ಲೇಡ್ ತಿರುಗುವ ಅಚ್ಚು) ಅಲುಗುತ್ತಿದೆಯೇ ಎಂದು ನೋಡದೆ ಮುಂದೆ ಹೋಗಬೇಡಿ. ಒಳಗಡೆ ಅಡ್ಡಡ್ಡ ಬಿರುಕುಗಳಿದ್ದು ಬೇರೆ ಯಾವ ಗುರುತೂ ಇಲ್ಲದಿದ್ದರೆ ಮಾತ್ರ ಅದು ಬಿಸಿ ಮತ್ತು ವಯಸ್ಸಿನಿಂದ ಸತ್ತ ಬೆಲ್ಟ್. ಅಪರೂಪಕ್ಕೆ ಹಲ್ಲಿನ ಗುರುತೂ ಸಿಗುತ್ತದೆ, ಅದು ಇಲಿಯದು.

ಪುಲ್ಲಿ ಮತ್ತು ಬೇರಿಂಗ್ ಪರೀಕ್ಷೆ

ಬೆಲ್ಟ್ ಇಲ್ಲದಿರುವಾಗ ಪ್ರತಿ ಪುಲ್ಲಿಯನ್ನೂ ಒಂದೊಂದಾಗಿ ಕೈಯಿಂದ ತಿರುಗಿಸಿ. ಚೆನ್ನಾಗಿರುವ ಪುಲ್ಲಿ ಸದ್ದಿಲ್ಲದೆ, ಅಡೆತಡೆಯಿಲ್ಲದೆ ತಿರುಗುತ್ತದೆ. ಮರಳು ಅರೆದಂತೆ ಗರಗರ ಎಂದರೆ, ತಿರುಗುವಾಗ ಅಂಚು ಮೇಲೆ ಕೆಳಗೆ ತೂಗಿದರೆ, ಅಥವಾ ಅಂಚನ್ನು ಹಿಡಿದು ಅಲುಗಿಸಿದಾಗ 'ಕಟಕಟ' ಎಂದರೆ ಬೇರಿಂಗ್ ಮುಗಿದಿದೆ. ಮೊದಲು ಹೋಗುವುದು ಸಾಮಾನ್ಯವಾಗಿ ಐಡ್ಲರ್ ಪುಲ್ಲಿಯ ಬೇರಿಂಗ್, ಏಕೆಂದರೆ ಅದು ಚಿಕ್ಕದು, ಉಳಿದವುಗಳಿಗಿಂತ ವೇಗವಾಗಿ ತಿರುಗುತ್ತದೆ, ಮತ್ತು ನಮ್ಮ ಕೆಂಪು ಮಣ್ಣಿನ ಧೂಳೆಲ್ಲ ಡೆಕ್ಕಿನ ಮೇಲೆಯೇ ಕೂರುತ್ತದೆ. ಹಲವು ಐಡ್ಲರುಗಳಲ್ಲಿ ಬೇರಿಂಗ್ ಪುಲ್ಲಿಯ ತಗಡಿನೊಳಗೇ ಕೂಡಿಕೊಂಡಿರುವುದರಿಂದ ಇಡೀ ಪುಲ್ಲಿಯನ್ನೇ ಬದಲಿಸಬೇಕಾಗುತ್ತದೆ; ಬೇರಿಂಗ್ ಬಿಡಿಯಾಗಿ ಹೊರಬರುವಂತಿದ್ದರೆ ಅದರ ಪಕ್ಕದ ಮೇಲಿರುವ ಸಂಖ್ಯೆಯನ್ನು ಓದಿಕೊಂಡು ಹೋದರೆ ಬೆಲ್ಟ್ ತಂದ ಅಂಗಡಿಯಲ್ಲೇ ಸಿಗಬಹುದು. ಸ್ಪಿಂಡಲ್ ಬೇರಿಂಗ್ ಹೋಗಿದ್ದರೆ ಅದು ಪ್ರೆಸ್ ಬೇಡುವ ಕೆಲಸ, ಗ್ಯಾರೇಜಿಗೆ ಕೊಡಿ.

ವಿ ಆಕಾರದ ಪುಲ್ಲಿಯ ಒಳಗನ್ನೂ ನೋಡಿ. ಬೆಲ್ಟ್ ತನ್ನ ಎರಡು ಬದಿಗಳಿಂದ ಪುಲ್ಲಿಯ ಗೋಡೆಗಳನ್ನು ಹಿಡಿಯಬೇಕೇ ಹೊರತು ತಳಕ್ಕೆ ಕೂರಬಾರದು. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಪುಲ್ಲಿ ಸವೆದಿದೆ, ಅಥವಾ ಹಿಂದಿನ ಬೆಲ್ಟ್ ಅಗಲದಲ್ಲಿ ಕಡಿಮೆಯದ್ದಾಗಿತ್ತು. ಗೋಡೆಯ ತುಕ್ಕನ್ನು ವೈರ್ ಬ್ರಷ್ಷಿನಿಂದ ಉಜ್ಜಿ ಒಣಬಟ್ಟೆಯಲ್ಲಿ ಒರೆಸಿ. ಐಡ್ಲರ್ ತೋಳಿನ ತಿರುಗಣೆಯನ್ನು ಬಿಚ್ಚಿ ಶುಚಿಮಾಡಿ ಗ್ರೀಸ್ ಹಚ್ಚಿ. ಅದು ಸ್ಪ್ರಿಂಗಿನ ಎಳೆತಕ್ಕೆ ತಾನಾಗಿ ಹಿಂದಿರುಗುವಷ್ಟು ಹಗುರಾಗಿ ಓಲಾಡಬೇಕು. ಸ್ಪಿಂಡಲ್ಲಿಗೆ ಗ್ರೀಸ್ ನಿಪ್ಪಲ್ ಇದ್ದರೆ ಈಗಲೇ ಗ್ರೀಸ್ ಹೊಡೆಯಿರಿ, ಹೊರಬಂದದ್ದನ್ನು ಪೂರ್ತಿ ಒರೆಸಿ. ಡೆಕ್ಕಿನ ತಳದಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟಿದ ಹುಲ್ಲನ್ನು ಕೆರೆದು ತೆಗೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಹೊಸ ಬೆಲ್ಟ್ ಏರಿಸುವುದು

ಫೋಟೋ ಎದುರಿಗಿಟ್ಟುಕೊಂಡು ಬೆಲ್ಟನ್ನು ಮೊದಲು ಸಡಿಲವಾಗಿ ಅದರ ದಾರಿಯುದ್ದಕ್ಕೂ ಹರಡಿ. ಕಿರಿದಾದ ಬದಿ ವಿ ಪುಲ್ಲಿಗಳೊಳಕ್ಕೆ ಹೋಗಬೇಕು, ಅಗಲವಾದ ಬೆನ್ನು ಚಪ್ಪಟೆ ಐಡ್ಲರಿಗೆ ತಾಗಬೇಕು. ಗಾರ್ಡ್ ಕಂಬಿಗಳೆಲ್ಲದರ ಒಳಗಡೆಯಿಂದ ಬೆಲ್ಟ್ ಹಾದಿದೆಯೇ ಎಂಬುದನ್ನು ಬೆರಳಿಟ್ಟು ಪರೀಕ್ಷಿಸಿ, ಕಣ್ಣನ್ನು ನಂಬಬೇಡಿ. ಎಲ್ಲ ಪುಲ್ಲಿಗಳಿಗೂ ಕೂರಿಸಿ, ಕಡೆಯ ಒಂದನ್ನು ಮಾತ್ರ ಬಿಟ್ಟು, ಐಡ್ಲರ್ ತೋಳನ್ನು ಒತ್ತಿ ಹಿಡಿದು ಆ ಕಡೆಯ ಪುಲ್ಲಿಯನ್ನು ನಿಧಾನವಾಗಿ ತಿರುಗಿಸುತ್ತ ಬೆಲ್ಟನ್ನು ಹತ್ತಿಸಿ. ಸ್ಕ್ರೂಡ್ರೈವರಿನಿಂದ ಮೀಟಿ ಹತ್ತಿಸುವುದು ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಕಾಣುವ ಅಭ್ಯಾಸ. ಹಾಗೆ ಮೀಟಿದಾಗ ಹೊರಗೇನೂ ಕಾಣದಿದ್ದರೂ ಒಳಗಿನ ದಾರದ ಎಳೆ ತುಂಡಾಗಬಹುದು, ಅಂಥ ಬೆಲ್ಟ್ ಮುಂದೆ ಓಡುವಾಗ ಮಗುಚಿಕೊಳ್ಳುತ್ತದೆ.

ಸ್ಪ್ರಿಂಗ್ ಬಿಚ್ಚಿದ್ದರೆ ಅದನ್ನು ಮತ್ತೆ ಸಿಕ್ಕಿಸಲು ಇಕ್ಕಳಕ್ಕಿಂತ ಹಗ್ಗ ವಾಸಿ. ನೈಲಾನ್ ಹಗ್ಗವನ್ನು ಸ್ಪ್ರಿಂಗಿನ ಕೊಕ್ಕೆಗೆ ಕುಣಿಕೆಯಾಗಿ ಹಾಕಿ, ಕೈಗೆ ಸುತ್ತಿಕೊಳ್ಳದೆ ಒಂದು ಮರದ ಹಿಡಿಕೆಗೆ ಕಟ್ಟಿ ಎಳೆದು ತೂತಿಗೆ ಕೂರಿಸಿ. ಕನ್ನಡಕ ಧರಿಸಿರಿ.

ಕೆಲವು ಡೆಕ್ಕುಗಳಲ್ಲಿ ಬ್ಲೇಡುಗಳ ತುದಿ ಒಂದರ ವೃತ್ತದೊಳಗೆ ಇನ್ನೊಂದು ಬರುವಂತಿದ್ದು, ಅವು ಡಿಕ್ಕಿಯಾಗದಂತೆ ಹಲ್ಲಿನ ಬೆಲ್ಟ್ ಹಾಕಿರುತ್ತಾರೆ. ಅಂಥದ್ದಾದರೆ ಬೆಲ್ಟ್ ಕೂರಿಸುವಾಗ ಎರಡು ಬ್ಲೇಡುಗಳು ಒಂದಕ್ಕೊಂದು ಲಂಬವಾಗಿ ನಿಂತಿರಬೇಕು; ಕೈಪಿಡಿ ನೋಡದೆ ಅದಕ್ಕೆ ಕೈ ಹಾಕಬೇಡಿ.

ಬೆಲ್ಟ್ ಜಾರದಿರಲೆಂದು ಪೇಸ್ಟ್ ಅಥವಾ ಸ್ಪ್ರೇ ಹಚ್ಚುವುದನ್ನು ಮಾತ್ರ ಮಾಡಬೇಡಿ. ಅದು ಧೂಳನ್ನೂ ಹುಲ್ಲಿನ ಪುಡಿಯನ್ನೂ ಹಿಡಿದುಕೊಂಡು ಎರಡೇ ದಿನಕ್ಕೆ ಪುಲ್ಲಿಯಲ್ಲಿ ಗಟ್ಟಿ ಪದರವಾಗುತ್ತದೆ. ಬಿಗಿ ಸಾಲದಿದ್ದರೆ ಕಾರಣ ಸ್ಪ್ರಿಂಗಿನಲ್ಲೋ ಉದ್ದದಲ್ಲೋ ಇದೆ.

ಮರಳಿ ಜೋಡಿಸಿ ಓಡಿಸಿ ನೋಡುವುದು

ಮುಚ್ಚಳಗಳನ್ನು ಹಾಕಿ ಡೆಕ್ಕನ್ನು ಗಾಡಿಯಡಿಗೆ ಸರಿಸುವಾಗ ಬೆಲ್ಟಿನ ಉಳಿದ ಭಾಗವನ್ನು ಮುಂದಕ್ಕೆ, ಎಂಜಿನ್ ಪುಲ್ಲಿಯ ಕಡೆಗೆ ಎಳೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಅದು ಡೆಕ್ಕಿಗೂ ತೋಳಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಪಿನ್ನು, ಕ್ಲಿಪ್ಪುಗಳನ್ನು ಹಾಕಿ, ಡೆಕ್ ಇನ್ನೂ ಕೆಳಗಿರುವಾಗಲೇ ಬೆಲ್ಟನ್ನು ಎಂಜಿನ್ ಪುಲ್ಲಿಗೆ ಏರಿಸಿ. ಸಡಿಲಿಸಿದ್ದ ಕಂಬಿಗಳನ್ನು ಬಿಗಿಮಾಡಿ. ಅವು ಬೆಲ್ಟಿಗೆ ಹತ್ತಿರವಿರಬೇಕು, ತಾಗಬಾರದು.

ಹೇಗೂ ಡೆಕ್ ಬಿಚ್ಚಿದ್ದರಿಂದ ಮಟ್ಟವನ್ನೂ ಒಮ್ಮೆ ನೋಡಿಬಿಡಿ. ಎಡಬಲ ಟಯರುಗಳ ಗಾಳಿ ಸಮನಾಗಿದೆಯೇ ಎಂದು ಮೊದಲು ಪರೀಕ್ಷಿಸಿ, ಬ್ಲೇಡಿನ ತುದಿಯಿಂದ ನೆಲಕ್ಕಿರುವ ಎತ್ತರವನ್ನು ಅಳೆಯಿರಿ. ಎಡಕ್ಕೂ ಬಲಕ್ಕೂ 3 ಮಿಲಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಇರಬಾರದು. ಮುಂದಿನ ತುದಿ ಹಿಂದಿನದಕ್ಕಿಂತ 3ರಿಂದ 10 ಮಿಲಿಮೀಟರ್ ತಗ್ಗಿದ್ದರೆ ಕತ್ತರಿಸಿದ ಹುಲ್ಲು ಸಮನಾಗಿ ಕಾಣುತ್ತದೆ. ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಿ.

ಈಗ ಪ್ಲಗ್ ವೈರ್ ಹಾಕಿ, ಮಕ್ಕಳನ್ನೂ ನಾಯಿಯನ್ನೂ ನೋಡಲು ನಿಂತವರನ್ನೂ ದೂರ ಕಳುಹಿಸಿ, ಬಯಲಿನಲ್ಲಿ ಎಂಜಿನ್ ಚಾಲೂ ಮಾಡಿ. ಅರ್ಧ ಥ್ರಾಟಲ್ ಇರುವಾಗ ಬ್ಲೇಡ್ ಹಾಕಿ; ಪೂರ್ತಿ ವೇಗದಲ್ಲಿ ಹಾಕಿದರೆ ಹೊಸ ಬೆಲ್ಟಿಗೆ ಮೊದಲ ಹೊಡೆತವೇ ಜೋರಾಗುತ್ತದೆ. ಕ್ಷಣಕಾಲ ಕೀರಲು ಸದ್ದು ಬಂದು ನಿಂತರೆ ಚಿಂತೆಯಿಲ್ಲ. ಲಯಬದ್ಧವಾಗಿ 'ಟಪ್ ಟಪ್' ಎಂದು ಬಡಿಯುತ್ತಿದ್ದರೆ ಬೆಲ್ಟ್ ಎಲ್ಲೋ ತಿರುಚಿದೆ ಅಥವಾ ಕಂಬಿಗೆ ತಾಗುತ್ತಿದೆ, ಕೂಡಲೇ ನಿಲ್ಲಿಸಬೇಕು. ಎರಡು ನಿಮಿಷ ಓಡಿಸಿದ ಮೇಲೆ ಬ್ಲೇಡ್ ಸ್ವಿಚ್ ಆರಿಸಿ, ಬ್ಲೇಡ್ ಪೂರ್ತಿ ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಸೀಟಿನಲ್ಲಿ ಕುಳಿತೇ ಸದ್ದಿನಿಂದ ಅಂದಾಜು ಮಾಡಿ. ಇದು 5 ಸೆಕೆಂಡ್ ಮೀರಬಾರದು. ಮೀರಿದರೆ ಬ್ಲೇಡಿನ ಬ್ರೇಕ್ ಸವೆದಿದೆ ಅಥವಾ ಕೇಬಲ್ ಪೂರ್ತಿ ಬಿಡುತ್ತಿಲ್ಲ; ಅದು ಸರಿಯಾಗುವ ತನಕ ಗಾಡಿಯನ್ನು ಯಾರ ಕೈಗೂ ಕೊಡಬೇಡಿ.

ಎಂಜಿನ್ ಆರಿಸಿ, ಕೀಲಿ ತೆಗೆದು, ಡೆಕ್ಕಿನ ಮೇಲೆ ಒಮ್ಮೆ ಇಣುಕಿ ನೋಡಿ. ಪುಲ್ಲಿಯ ಬಳಿ ಕಪ್ಪು ರಬ್ಬರ್ ಪುಡಿ ಉದುರಿದ್ದರೆ ಅಲ್ಲೇ ಎಲ್ಲೋ ಉಜ್ಜುತ್ತಿದೆ. ಮೊದಲ ಒಂದು ಗಂಟೆಯ ಕೆಲಸ ಮುಗಿದ ಮೇಲೆ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಹೊಸ ಬೆಲ್ಟ್ ಆ ಒಂದು ಗಂಟೆಯಲ್ಲಿ ಸ್ವಲ್ಪ ಹಿಗ್ಗಿ ಪುಲ್ಲಿಗೆ ಹೊಂದಿಕೊಳ್ಳುತ್ತದೆ. ಲಿವರ್ ಮತ್ತು ಕೇಬಲಿನ ಗಾಡಿಯಾದರೆ ಕೇಬಲಿನ ನಟ್ ಒಂದೆರಡು ಸುತ್ತು ಬಿಗಿಸಬೇಕಾಗಬಹುದು. ಬೆಲ್ಟಿನ ಸಂಖ್ಯೆಯನ್ನೂ ಹಾಕಿದ ತಿಂಗಳನ್ನೂ ಪೇಂಟ್ ಮಾರ್ಕರಿನಿಂದ ಸೀಟಿನ ಕೆಳಗೆ ಬರೆದಿಡಿ. ಹಳೆಯ ಬೆಲ್ಟ್ ಹರಿಯದೆ ಬರೀ ಸವೆದಿದ್ದರೂ ಅದನ್ನು ಸ್ಪೇರ್ ಎಂದು ಮೊಳೆಗೆ ನೇತುಹಾಕುವುದರಲ್ಲಿ ಅರ್ಥವಿಲ್ಲ. ಸ್ಪೇರ್ ಬೇಕಿದ್ದರೆ ಹೊಸದನ್ನೇ ತಂದು, ಮಡಚದೆ, ಬಿಸಿಲು ಬೀಳದ ಕಡೆ, ಇಲಿ ಹೋಗದ ಡಬ್ಬಿಯಲ್ಲಿಡಿ.